ಹಳಿ ಕಿತ್ತ ದಾರಿಗೂ ಟೋಕನ್ ಬೇಕು

ಅಮೆರಿಕದ ವರ್ಜೀನಿಯಾದಲ್ಲಿ ಆಶ್‌ಬರ್ನ್, ಸ್ಟರ್ಲಿಂಗ್, ಹರ್ನ್‌ಡನ್, ಲೀಸ್‌ಬರ್ಗ್ ಕಡೆಯ ಕನ್ನಡದ ಸೈಕಲ್ ಗೆಳೆಯರಿಗೆ, ಓಟದ ಗೆಳೆಯರಿಗೆ,



ಮುಂದಿನ ತಿಂಗಳು ಆಶ್‌ಬರ್ನ್‌ನಿಂದ ಪರ್ಸೆಲ್‌ವಿಲ್‌ಗೆ ಯಾರು ಬೇಗ ಹೋಗಿ ಬರುತ್ತಾರೋ ನೋಡೋಣ ಅಂತ ಪಂದ್ಯ ಇಟ್ಟುಕೊಂಡಿದ್ದೀರಿ. ಹೆಸರು ಕೊಟ್ಟವರ ಪಟ್ಟಿಯಲ್ಲಿ ನನ್ನದು ಮೂರನೆಯದು. ದಯವಿಟ್ಟು ಅದನ್ನು ಹೊಡೆದುಹಾಕಿ. ಮಂಡಿನೋವಿಲ್ಲ, ಊರಿಗೆ ಹೊರಟಿಲ್ಲ, ಮನೆಯಲ್ಲಿ ಬೇಡ ಅಂದವರೂ ಇಲ್ಲ. ಕಾರಣ ಬೇರೆ. ಅದನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದರೆ ನಾಲ್ಕು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ ಬಂದು ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಎಲ್ಲರ ಮುಂದೆ ಉದ್ದಕ್ಕೆ ಬರೆಯುತ್ತಿದ್ದೇನೆ. ತಪ್ಪು ಮಾಡಿದವನು ನಾನೇ ಆದ್ದರಿಂದ ಬರೆಯುವ ಹಕ್ಕೂ ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಏಪ್ರಿಲ್‌ನ ಒಂದು ಶನಿವಾರ. ಪರ್ಸೆಲ್‌ವಿಲ್ ಮುಟ್ಟಿ ವಾಪಸು ಬರುತ್ತಿದ್ದೆ. ಕ್ಲಾರ್ಕ್ಸ್ ಗ್ಯಾಪ್‌ನ ಕಲ್ಲಿನ ಕಮಾನು ದಾಟಿದ ಮೇಲೆ ಲೀಸ್‌ಬರ್ಗ್‌ವರೆಗೆ ದಾರಿ ಇಳಿಜಾರು ಅನ್ನುವುದು ನಿಮಗೆ ಗೊತ್ತೇ ಇದೆ. ಹೋಗುವಾಗ ಉಸಿರು ಹಿಡಿಸಿದ ಏರು, ಬರುವಾಗ ಬಡ್ಡಿ ಸಮೇತ ವಾಪಸು ಕೊಡುತ್ತದೆ. ಸೈಕಲ್ಲಿನ ಮೀಟರು ಗಂಟೆಗೆ 22 ಮೈಲಿ ತೋರಿಸುತ್ತಿತ್ತು. ಮುಂದೆ ಇಬ್ಬರು ಹಿರಿಯರು ನಡೆದು ಹೋಗುತ್ತಿದ್ದರು. ಸೀರೆ, ಅದರ ಮೇಲೆ ಮಗಳದೋ ಅಳಿಯನದೋ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಜೊತೆಗೆ ಮಂಕಿ ಕ್ಯಾಪ್ ಹಾಕಿಕೊಂಡ ಯಜಮಾನರು. ಇಬ್ಬರೂ ಬಲಗಡೆಯಲ್ಲೇ, ಒಬ್ಬರ ಹಿಂದೊಬ್ಬರು, ಬಹಳ ಅಚ್ಚುಕಟ್ಟಾಗಿ ಹೋಗುತ್ತಿದ್ದರು. ಹತ್ತಿರ ಬಂದಾಗ ನಿಯಮದಂತೆ ಕೂಗಿದೆ: ‘ಆನ್ ಯುವರ್ ಲೆಫ್ಟ್!’

ಆಕೆ ತಕ್ಷಣ ಎಡಕ್ಕೆ ಬಂದುಬಿಟ್ಟರು. ಸರಿಯಾಗಿ ನನ್ನ ಚಕ್ರದ ಮುಂದೆ.

ಎರಡೂ ಬ್ರೇಕ್ ಒತ್ತಿದೆ, ಸೈಕಲ್ ಜಾರಿತು, ನಾನು ಹುಲ್ಲಿಗೂ ಡಾಂಬರಿಗೂ ನಡುವಿನ ಜಲ್ಲಿಯ ಮೇಲೆ ಬಿದ್ದೆ. ಹ್ಯಾಂಡಲ್ ಅವರ ಸೆರಗಿಗೆ ಸವರಿಕೊಂಡು ಹೋಯಿತೇ ಹೊರತು ಅವರಿಗೆ ಏನೂ ಆಗಲಿಲ್ಲ. ನನಗೆ ಮೊಣಕೈ ತರಚಿತು. ನಾನು ಬಾಯಿಗೆ ಬಂದ ಇಂಗ್ಲಿಷ್ ಮಾತನ್ನು ಹೇಳುವಷ್ಟರಲ್ಲಿ ಆಕೆ ಗಾಬರಿಯಲ್ಲಿ ಕನ್ನಡದಲ್ಲೇ ಅಂದರು: ‘ಅಯ್ಯೋ, ಲೆಫ್ಟ್ ಅಂದ್ಯಲ್ಲಪ್ಪ, ಅದಕ್ಕೇ ಲೆಫ್ಟಿಗೆ ಬಂದೆ!’

ಹಾಸನದ ಕಡೆಯವರು. ಮಗಳ ಬಾಣಂತನಕ್ಕೆ ಬಂದವರು. ನಾನೂ ಕನ್ನಡದವನು ಅಂತ ಗೊತ್ತಾದ ಮೇಲೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಬಾಟಲಿಯ ನೀರಿನಲ್ಲಿ ನನ್ನ ಮೊಣಕೈ ತೊಳೆದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ಕಟ್ಟಿದರು. ಯಜಮಾನರು ಮಾತ್ರ ಒಂದೇ ಮಾತು ಕೇಳಿದರು: ‘ಇದು ಪಾರ್ಕ್ ಅಂತ ಹೇಳಿದ್ರು ನಮ್ಮಳಿಯ. ಹೈವೇನಾ?’

ಅವತ್ತು ಉತ್ತರ ಹೊಳೆಯಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಆ ‘ಲೆಫ್ಟ್’ ವಿಷಯ. ನಾವೆಲ್ಲ ಇಲ್ಲಿಗೆ ಬಂದ ಹೊಸತರಲ್ಲಿ ಈ ಮಾತು ಕಲಿತೆವು. ‘ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ, ನೀವು ಇದ್ದಲ್ಲೇ ಇರಿ’ ಅನ್ನುವುದು ಅದರ ಅರ್ಥ. ಆದರೆ ನಮ್ಮೂರಿನ ಕಿವಿಗೆ ಲೆಫ್ಟ್ ಅಂದರೆ ಅಪ್ಪಣೆ. ಆಟೋದವನಿಗೆ ನಾವು ಹೇಳುವುದೇ ‘ಲೆಫ್ಟ್ ತಗೊಳ್ಳಪ್ಪ’ ಅಂತ. ಮೇಲಾಗಿ ಆ ಕಾಲುಗಳು ಅರವತ್ತು ವರ್ಷ ರಸ್ತೆಯ ಎಡಬದಿಯಲ್ಲಿ ನಡೆದ ಕಾಲುಗಳು. ಹಿಂದಿನಿಂದ ಏನಾದರೂ ಬಂದರೆ ಎಡಕ್ಕೆ ಸರಿಯುವುದು ಅವಕ್ಕೆ ಯೋಚನೆಯಲ್ಲ, ಅಭ್ಯಾಸ. ಕಿವಿಯೂ ಎಡಕ್ಕೆ ಅಂದಿತು, ಕಾಲೂ ಎಡಕ್ಕೆ ಅಂದಿತು. ಅಲ್ಲಿ ತಪ್ಪಿದ್ದವನು ನಾನೊಬ್ಬನೇ. ಕೂಗಿದೆ ನಿಜ, ಆದರೆ ಕೇಳುವವರಿಗೆ ಅರ್ಥವಾಗುವಂತೆ ಕೂಗಲಿಲ್ಲ, ಸಮಯವನ್ನೂ ಕೊಡಲಿಲ್ಲ.

ಸಮಯದ ಲೆಕ್ಕ ಮನೆಗೆ ಬಂದು ಹಾಕಿದೆ. 22 ಮೈಲಿ ಅಂದರೆ ಗಂಟೆಗೆ 35 ಕಿಲೋಮೀಟರ್, ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್. ಅವರು ನಡೆಯುತ್ತಿದ್ದುದು ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ನಾನು ಕೂಗಿದ್ದು ಎರಡು ಸೈಕಲ್ ಉದ್ದದಷ್ಟು ಹಿಂದಿನಿಂದ, ನಾಲ್ಕು ಮೀಟರ್ ಇರಬಹುದು. ಅಂದರೆ ಆಕೆಗೆ ಸಿಕ್ಕಿದ್ದು ಅರ್ಧ ಸೆಕೆಂಡು. ಅರ್ಧ ಸೆಕೆಂಡಿನಲ್ಲಿ ಮಾತು ಕೇಳಿ, ಅದು ತನಗೇ ಹೇಳಿದ್ದು ಅಂತ ತಿಳಿದು, ಅರ್ಥ ಮಾಡಿಕೊಂಡು, ಏನೂ ಮಾಡದೆ ಸುಮ್ಮನೆ ನಡೆಯುತ್ತಿರಬೇಕು. ನಮ್ಮಲ್ಲಿ ಯಾರಿಗೆ ಆಗುತ್ತದೆ? ಅಂಥ ಕೂಗು ಎಚ್ಚರಿಕೆಯಲ್ಲ, ಬೆಚ್ಚಿಬೀಳಿಸುವುದು. ಕೂಗದಿದ್ದರೇ ಅವರು ನೆಟ್ಟಗೆ ನಡೆಯುತ್ತಿದ್ದರು.

ಇನ್ನು ಯಜಮಾನರ ಪ್ರಶ್ನೆ. ಇದು ಪಾರ್ಕೇ. ನಾವು ವಾರವಾರ ತುಳಿಯುವ ವಾಷಿಂಗ್ಟನ್ ಆ್ಯಂಡ್ ಓಲ್ಡ್ ಡೊಮಿನಿಯನ್ ಟ್ರೇಲ್, ಶರ್ಲಿಂಗ್‌ಟನ್‌ನಿಂದ ಪರ್ಸೆಲ್‌ವಿಲ್‌ವರೆಗೆ 45 ಮೈಲಿ ಉದ್ದದ, ಸುಮಾರು 100 ಅಡಿ ಅಗಲದ ಒಂದು ಸಾರ್ವಜನಿಕ ಉದ್ಯಾನ. ರೋಡಿನಂತೆ ಕಾಣುವುದು ಅದರ ನಡುವಿನ ಹತ್ತು ಅಡಿ ಡಾಂಬರು ಮಾತ್ರ. ಆ ಹತ್ತು ಅಡಿಯಲ್ಲಿ ತಳ್ಳುಗಾಡಿಯ ಮಗು, ನಾಯಿ, ಮ್ಯಾರಥಾನ್ ತಯಾರಿಯವರು, ಇ-ಬೈಕಿನವರು, ಆಗಷ್ಟೇ ಸಣ್ಣ ಚಕ್ರ ಬಿಚ್ಚಿದ ಸೈಕಲ್ಲಿನ ಹುಡುಗಿ, ಮಂಡಿ ಶಸ್ತ್ರಚಿಕಿತ್ಸೆ ಮುಗಿಸಿ ಮೊದಲ ಸಲ ಹೊರಗೆ ಬಂದವರು, ಎಲ್ಲರೂ ಎರಡೂ ದಿಕ್ಕಿಗೆ ಹೋಗಬೇಕು. ಮೂವರು ಅಕ್ಕಪಕ್ಕದಲ್ಲಿ ನಡೆದರೆ ಏಳು ಅಡಿ ಹೋಯಿತು. ಉಳಿದ ಮೂರಡಿಯಲ್ಲಿ ಹಿಂದಿನಿಂದ ನೀವು, ಎದುರಿನಿಂದ ಇನ್ನೊಬ್ಬರು.

ಹಾಗಿದ್ದೂ ಇಲ್ಲಿ ವೇಗ ತಾನಾಗಿ ಬರುತ್ತದೆ. ಅದಕ್ಕೆ ಕಾರಣ ನಮ್ಮ ತೊಡೆಯ ಬಲವಲ್ಲ, ರೈಲು. ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಹೆಚ್ಚು ಏರನ್ನು ಹತ್ತಲಾರದು, ಜಾರುತ್ತದೆ. ಆದ್ದರಿಂದ ಹಳಿ ಹಾಕಿದವರು ದಿಬ್ಬ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ತುಂಬಿ, ಏರಿಳಿತವನ್ನು ಉದ್ದಕ್ಕೆ ಹಂಚಿಬಿಟ್ಟರು. ತಿರುವುಗಳನ್ನೂ ಹಾಗೇ ನಿಧಾನಕ್ಕೆ ಬಾಗಿಸಿದರು. ಬೇರೆಯವರು ಒಂದೂವರೆ ಶತಮಾನದ ಹಿಂದೆ ಗುದ್ದಲಿ ಹಿಡಿದು ಮಾಡಿದ ಸಮತಟ್ಟಿನ ಮೇಲೆ ಕಾಲಾಡಿಸಿ, ‘ಇವತ್ತು ಸರಾಸರಿ 19 ಬಂತು’ ಅಂತ ನಾವು ಬೀಗುತ್ತೇವೆ.

ಆ ರೈಲಿನ ಕತೆಯೂ ಚೂರು ಕೇಳಿ. ಅಲೆಕ್ಸಾಂಡ್ರಿಯಾದಿಂದ ಹೊರಟ ಹಳಿ 1860ರಲ್ಲಿ ಲೀಸ್‌ಬರ್ಗ್ ಮುಟ್ಟಿತು. ಮರುವರ್ಷವೇ ಅಂತರ್ಯುದ್ಧ. 1861ರ ಜೂನ್ 17ರಂದು, ಇದೇ ದಾರಿಯ ವಿಯೆನ್ನಾ ಊರಿನ ಹತ್ತಿರ, ಸೈನಿಕರನ್ನು ಹೊತ್ತು ಬಂದ ಉತ್ತರದವರ ರೈಲಿನ ಮೇಲೆ ದಕ್ಷಿಣದವರು ಫಿರಂಗಿ ಹಾರಿಸಿದರು. ತಿರುವಿನ ಮುಂದೆ ಯಾರಿದ್ದಾರೆ ಅಂತ ತಿಳಿಯದೆ ಬಂದ ರೈಲು ಅದು. 1874ರಲ್ಲಿ ಹಳಿ ಪರ್ಸೆಲ್‌ವಿಲ್‌ಗೆ ಬಂತು. ಮುಂದೆ ಕಾರು, ಲಾರಿಗಳ ಕಾಲ. 1951ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು, 1968ರಲ್ಲಿ ರೈಲೇ ನಿಂತಿತು. ಜಾಗವನ್ನು ಕೊಂಡದ್ದು ವಿದ್ಯುತ್ ಕಂಪನಿ. ಅದಕ್ಕೇ ಇವತ್ತಿಗೂ ನಮ್ಮ ತಲೆಯ ಮೇಲೆ ಬಹಳ ದೂರ ಹೈಟೆನ್ಷನ್ ತಂತಿ. 1974ರಲ್ಲಿ ಫಾಲ್ಸ್ ಚರ್ಚ್‌ನಲ್ಲಿ ಮೊದಲ ತುಂಡು ಟ್ರೇಲ್ ಆಯಿತು. ಅದು ಪರ್ಸೆಲ್‌ವಿಲ್ ತಲುಪಲು 1988 ಆಗಬೇಕಾಯಿತು. ಹದಿನಾಲ್ಕು ವರ್ಷ ಊರೂರಿನವರು ಕೇಳಿ, ಕಾದು, ತುಂಡು ತುಂಡಾಗಿ ಜೋಡಿಸಿದ ದಾರಿಯಲ್ಲಿ ನಾವು ಹದಿನಾಲ್ಕು ಸೆಕೆಂಡು ಕಾಯಲು ಒಲ್ಲೆವು.

ನನ್ನ ಸೋದರಮಾವ ತರೀಕೆರೆ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದರು. ಬೀರೂರು–ಶಿವಮೊಗ್ಗ ಆಗ ಮೀಟರ್ ಗೇಜು, ಒಂದೇ ಹಳಿ. ಬೇಸಿಗೆ ರಜೆಗೆ ಹೋದಾಗ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ನಾನು ನೋಡುತ್ತಿದ್ದುದು ಒಂದೇ, ಟೋಕನ್. ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಉಕ್ಕಿನ ಗುಂಡು. ಮುಂದಿನ ಸ್ಟೇಷನ್ನಿನವರು ಒಪ್ಪಿಗೆ ಕೊಟ್ಟರೆ ಮಾತ್ರ ಮಾವನ ಕೋಣೆಯ ಯಂತ್ರದಿಂದ ಆ ಗುಂಡು ಹೊರಗೆ ಬರುತ್ತಿತ್ತು. ಅದು ಕೈಗೆ ಸಿಗದೆ ಡ್ರೈವರ್ ಗಾಡಿ ಮುಂದೆ ಬಿಡುವಂತಿರಲಿಲ್ಲ, ಎಷ್ಟೇ ತಡವಾಗಿರಲಿ. ನಿಲ್ಲದ ಗಾಡಿ ಬಂದರೆ ಪಾಯಿಂಟ್ಸ್‌ಮನ್ ಬಳೆಯನ್ನು ಎತ್ತಿ ಹಿಡಿಯುತ್ತಿದ್ದ. ಎಂಜಿನ್ನಿನವನು ಹಳೆಯದನ್ನು ಎಸೆದು, ಹೊಸದಕ್ಕೆ ತೋಳು ತೂರಿಸಿ ಎಳೆದುಕೊಳ್ಳುತ್ತಿದ್ದ. ಅದಕ್ಕಾಗಿ ಅಷ್ಟು ದೊಡ್ಡ ಎಂಜಿನ್ನೂ ಅಲ್ಲಿ ವೇಗ ಇಳಿಸಲೇಬೇಕಿತ್ತು. ‘ಒಂಟಿ ಹಳೀಲಿ ಯಾರೂ ದೊಡ್ಡೋರಲ್ಲ, ಕೇಳ್ಕೊಂಡು ಹೋಗ್ಬೇಕು’ ಅನ್ನುತ್ತಿದ್ದರು ಮಾವ.

ಹುಲ್ಲಿನ ಮೇಲೆ ಕೂತು ಮೊಣಕೈಗೆ ಕರವಸ್ತ್ರ ಕಟ್ಟಿಸಿಕೊಳ್ಳುವಾಗ ನೆನಪಾದದ್ದು ಆ ಬಳೆ. ನಾವು ಓಡಾಡುತ್ತಿರುವುದೂ ಒಂಟಿ ಹಳಿಯ ದಾರಿಯೇ. ಹಳಿ ಕಿತ್ತರು, ಸಿಗ್ನಲ್ ಕಿತ್ತರು, ಸ್ಟೇಷನ್ ಮಾಸ್ತರರನ್ನು ಮನೆಗೆ ಕಳಿಸಿದರು. ಹರ್ನ್‌ಡನ್ ಸ್ಟೇಷನ್ ಈಗ ಮ್ಯೂಸಿಯಂ. ಆದರೆ ಮುಂದಿರುವವರ ಒಪ್ಪಿಗೆ ಪಡೆದು ಮುಂದೆ ಹೋಗುವ ಅಗತ್ಯವನ್ನು ಯಾರೂ ಕೀಳಲಿಲ್ಲ. ನಾವು ಕೂಗುವುದು ಟೋಕನ್ ಕೇಳಲು. ಕೂಗಿದ ಮಾತ್ರಕ್ಕೆ ಟೋಕನ್ ಸಿಕ್ಕಂತಲ್ಲ. ಅವರು ಕೇಳಿಸಿಕೊಂಡರು ಅನ್ನುವ ಗುರುತು ಕಂಡಾಗ ಸಿಕ್ಕಿತು. ತಲೆ ತಿರುಗಿಸಬಹುದು, ಕೈ ಎತ್ತಬಹುದು, ನಾಯಿಯ ಹಗ್ಗ ಗಿಡ್ಡ ಮಾಡಿಕೊಳ್ಳಬಹುದು. ಅದು ಕಾಣುವ ತನಕ ಬ್ರೇಕಿನ ಮೇಲೆ ಬೆರಳು. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದು ಇದರ ವಿವರ.

ಸೈಕಲ್ಲಿನವರೇ, ಮೊದಲ ಸಾಲಿನಲ್ಲಿ ನಾವೇ ಇದ್ದೇವೆ. ಇಂಥ ಟ್ರೇಲ್‌ಗಳ ಪದ್ಧತಿಯಲ್ಲಿ ಸೈಕಲ್ಲಿನವರು ನಡೆಯುವವರಿಗೂ ಓಡುವವರಿಗೂ ದಾರಿ ಬಿಡಬೇಕು, ಮೂವರೂ ಕುದುರೆಗೆ ಬಿಡಬೇಕು. ಯಾರ ಕೈಯಲ್ಲಿ ವೇಗವಿದೆಯೋ ಜವಾಬ್ದಾರಿಯೂ ಅವರದೇ. ಬೆಲ್ ಹಾಕಿಸಿಕೊಳ್ಳಿ. ಕಾರ್ಬನ್ ಸೈಕಲ್ಲಿಗೆ ಬೆಲ್ ಹಾಕಿದರೆ ಹಾಲಿನವನ ಸೈಕಲ್ ಆಗುತ್ತದೆ ಅಂತ ನಾವೇ ನಗುತ್ತಿದ್ದೆವಲ್ಲ, ಹಾಲಿನವನು ಮೂವತ್ತು ವರ್ಷದಲ್ಲಿ ಯಾರಿಗೂ ಗುದ್ದಿರಲಿಲ್ಲ. ಇಪ್ಪತ್ತು ಮೂವತ್ತು ಮೀಟರ್ ಹಿಂದಿನಿಂದಲೇ ಒಂದು ಸಲ ಹೊಡೆಯಿರಿ, ನಿಧಾನ ಮಾಡಿ, ಗುರುತು ಸಿಗದಿದ್ದರೆ ಇನ್ನೊಂದು ಸಲ. ಹತ್ತಿರ ಬಂದು ಕಿವಿಯ ಹಿಂದೆ ಹೊಡೆಯಬೇಡಿ. ಮುಂದಿರುವವರು ನಮ್ಮವರು ಅಂತ ಗೊತ್ತಾದರೆ ಲೆಫ್ಟ್ ರೈಟ್ ಎರಡೂ ಬೇಡ. ‘ಸೈಕಲ್ ಬರ್ತಿದೆ, ನೀವು ಹಾಗೇ ನಡೀತಿರಿ’ ಅನ್ನಿ. ಏಪ್ರಿಲ್‌ನಿಂದ ಇದನ್ನೇ ಹೇಳುತ್ತಿದ್ದೇನೆ, ಇದುವರೆಗೆ ಯಾರೂ ಚಕ್ರದಡಿಗೆ ಬಂದಿಲ್ಲ. ನಾಲ್ಕೈದು ಜನ ಒಬ್ಬರ ಗಾಳಿಯಲ್ಲಿ ಒಬ್ಬರು ಅಂಟಿಕೊಂಡು ಹೋಗುವುದನ್ನು ಟ್ರೇಲ್ ಮೇಲೆ ಬಿಟ್ಟೇಬಿಡೋಣ. ಮೊದಲನೆಯವನು ಬೆಲ್ ಹೊಡೆದಾಗ ಮುಂದಿರುವವರು ಒಂದು ಸೈಕಲ್ಲಿಗೆ ಜಾಗ ಬಿಡುತ್ತಾರೆ, ಹಿಂದೆ ಇನ್ನೂ ನಾಲ್ಕು ಇವೆ ಅಂತ ಅವರಿಗೇನು ಗೊತ್ತು?

ಕುದುರೆಯ ಮಾತು ಬಂತಲ್ಲ, ಲೀಸ್‌ಬರ್ಗ್ ಆಚೆ ಅದು ತಮಾಷೆಯ ಮಾತಲ್ಲ. ಕುದುರೆಯ ಹಿಂದೆ ಬೆಲ್ ಬೇಡವೇ ಬೇಡ. ದೂರದಿಂದಲೇ ಮಾಮೂಲಿ ದನಿಯಲ್ಲಿ ಸವಾರರನ್ನು ಮಾತಾಡಿಸಿ. ಹಿಂದಿನಿಂದ ಸದ್ದಿಲ್ಲದೆ ಬರುವ ವಸ್ತು ಅದಕ್ಕೆ ಬೇಟೆಯಾಡುವ ಪ್ರಾಣಿ, ಮಾತಾಡಿದರೆ ಮನುಷ್ಯ. ಸವಾರರು ಹೋಗಿ ಅಂದ ಮೇಲೆ ನಿಧಾನವಾಗಿ, ಅಗಲ ಬಿಟ್ಟು ದಾಟಿ.

ಓಟದವರೇ, ನಿಮ್ಮನ್ನೂ ಬಿಡುವುದಿಲ್ಲ. ಅರ್ಧರ್ಧ ಮೈಲಿಗೆ ನೆಟ್ಟಿರುವ ಗುರುತಿನ ಕಂಬ ಮುಟ್ಟಿ ಗಕ್ಕನೆ ಹಿಂತಿರುಗುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಕಣ್ಣು ಗಡಿಯಾರದ ಮೇಲೆ, ಕಿವಿಯಲ್ಲಿ ಹಾಡು, ಹಿಂದೆ ಯಾರು ಬರುತ್ತಿದ್ದಾರೆ ಅನ್ನುವ ಗ್ಯಾನವಿಲ್ಲ. ತಿರುಗುವ ಮೊದಲು ಒಂದು ಸಲ ಹೆಗಲ ಮೇಲಿಂದ ನೋಡಿ. ಅಥವಾ ಬಲಗಡೆ ಹುಲ್ಲಿಗೆ ಇಳಿದು, ನಿಂತು, ತಿರುಗಿ. ಆ ಎರಡು ಸೆಕೆಂಡನ್ನು ಗಡಿಯಾರದಿಂದ ಕಳೆದುಕೊಳ್ಳಬಹುದು. ಒಂದು ಕಿವಿಯನ್ನಾದರೂ ಖಾಲಿ ಬಿಡಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರು ಬರುವ ವಾಹನ ಕಾಣುವಂತೆ ಎಡಬದಿಯಲ್ಲಿ ಓಡಬೇಕು ಅಂತ ಇಲ್ಲಿ ಕಲಿಸುತ್ತಾರೆ, ಅದು ಸರಿ. ಆದರೆ ಅದನ್ನೇ ಟ್ರೇಲ್‌ಗೂ ತಂದು ಎಡಗಡೆ ಓಡಬೇಡಿ, ಇಲ್ಲಿ ಎಲ್ಲರಿಗೂ ಬಲಗಡೆ. ನಸುಕಿನಲ್ಲಿ ತಲೆಗೆ ಕಟ್ಟಿಕೊಳ್ಳುವ ದೀಪವನ್ನು ನೆಲಕ್ಕೆ ಬಗ್ಗಿಸಿ, ಎದುರಿನವರ ಕಣ್ಣಿಗಲ್ಲ. ಸೈಕಲ್ಲಿನ ದೀಪಕ್ಕೂ ಇದೇ ಮಾತು. ಇನ್ನೊಂದು: ವಿಯೆನ್ನಾದಿಂದ ಪರ್ಸೆಲ್‌ವಿಲ್‌ವರೆಗೆ ಡಾಂಬರಿನ ಪಕ್ಕದಲ್ಲೇ 32 ಮೈಲಿ ಜಲ್ಲಿಪುಡಿಯ ದಾರಿ ಇದೆ. ಕುದುರೆಗಾಗಿ ಮಾಡಿದ್ದು, ನಡೆಯುವವರಿಗೂ ಓಡುವವರಿಗೂ ತೆರೆದದ್ದು. ಬಹಳ ಹೊತ್ತು ಖಾಲಿಯೇ ಇರುತ್ತದೆ. ವೇಗದ ಓಟದ ಅಭ್ಯಾಸವನ್ನು ಅಲ್ಲಿ ಮಾಡಿದರೆ ಮಂಡಿಗೂ ಮೆತ್ತಗೆ, ಎಲ್ಲರಿಗೂ ನೆಮ್ಮದಿ.

ಇನ್ನು ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಮನೆಯವರಿಗೆ. ಇಳಿದ ವಾರದಲ್ಲೇ ಅವರಿಗೆ ಓವನ್ ಹಚ್ಚುವುದು, ಬಾಗಿಲ ಅಲಾರಂ, 911, ಎಲ್ಲ ಹೇಳಿಕೊಡುತ್ತೇವೆ. ‘ಹಿಂದೆ ಟ್ರೇಲ್ ಇದೆ, ವಾಕಿಂಗ್ ಹೋಗಿಬನ್ನಿ’ ಅಂದು ಕಳಿಸುತ್ತೇವೆ. ಮೊದಲ ದಿನ ಜೊತೆಯಲ್ಲಿ ಒಂದು ಮೈಲಿ ನಡೆಯಿರಿ. ಇಲ್ಲಿ ಬಲಗಡೆ, ಬೆಲ್ ಕೇಳಿದರೆ ಎಲ್ಲಿಗೂ ಸರಿಯಬೇಡಿ, ಇದ್ದಲ್ಲೇ ನಡೆಯಿರಿ, ಆದರೆ ಒಂದು ಕೈ ಎತ್ತಿ ಅಂತ ಹೇಳಿಕೊಡಿ. ಕೂತು ಹೇಳಿದರೆ ತಲೆಗೆ ಹೋಗುತ್ತದೆ, ನಡೆದು ತೋರಿಸಿದರೆ ಕಾಲಿಗೆ ಹೋಗುತ್ತದೆ. ಭಾನುವಾರ ಸಂಜೆ ನಾಲ್ಕು ಸಂಸಾರ ಒಟ್ಟಾಗಿ ಸಂತೆಗೆ ಹೊರಟಂತೆ ಡಾಂಬರಿನ ತುಂಬ ಹರಡಿಕೊಂಡು ಹೋಗುವುದು ನಾವೇ. ಮಾತು ಎಷ್ಟೇ ರುಚಿಯಾಗಿರಲಿ, ಇಬ್ಬಿಬ್ಬರಾಗಿ ನಡೆಯೋಣ. ಫೋಟೋ ತೆಗೆಯಲು ನಿಲ್ಲುವುದಿದ್ದರೆ ಹುಲ್ಲಿದೆ.

ನಿಮ್ಮಲ್ಲಿ ಒಬ್ಬರು ಕೇಳಿಯೇ ಕೇಳುತ್ತೀರಿ: ಹಾಗಾದರೆ ವೇಗವೇ ಬೇಡವೇ? ವೇಗದ ಆಸೆ ನನಗೂ ಇದೆ, ಬಿಟ್ಟಿಲ್ಲ. ಜನವೇ ಇಲ್ಲದ ಚಳಿಗಾಲದ ಬೆಳಗುಗಳಿವೆ, ಲೌಡನ್ ಕೌಂಟಿಯ ಪಶ್ಚಿಮ ಭಾಗದಲ್ಲಿ ಹೊಲಗಳ ನಡುವೆ ಗಂಟೆಗಟ್ಟಲೆ ಕಾರು ಕಾಣದ ಜಲ್ಲಿರಸ್ತೆಗಳಿವೆ. ಅಲ್ಲಿ ಪಂದ್ಯ ಇಡಿ, ಮೊದಲ ಹೆಸರು ನನ್ನದೇ ಬರೆಯಿರಿ. ಬೇರೆ ಬೇರೆ ದಾರಿ ಮಾಡಿಸಿ ಅನ್ನುವವರೂ ಇದ್ದೀರಿ. ಫಾಲ್ಸ್ ಚರ್ಚ್‌ನಲ್ಲಿ ಇತ್ತೀಚೆಗೆ ಸ್ವಲ್ಪ ದೂರ ನಡೆಯುವವರಿಗೊಂದು, ಸೈಕಲ್ಲಿಗೊಂದು ಅಂತ ಬೇರೆ ಮಾಡಿದ್ದಾರೆ, ಚೆನ್ನಾಗಿದೆ. ನಮ್ಮ ಕಡೆಗೂ ಬರಲಿ ಅಂತ ಅರ್ಜಿ ಬರೆಯುವುದಾದರೆ ಸಹಿ ಹಾಕುತ್ತೇನೆ. ಆದರೆ ಡಾಂಬರು ಅಗಲವಾಗುವ ತನಕ ಮನಸ್ಸು ಇಕ್ಕಟ್ಟಾಗಿಯೇ ಇರಲಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮ ಗುಂಪಿನಲ್ಲಿ ಹಲವರು ಕಾಲೇಜು ದಿನಗಳಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ಮೇಲೆ ನಡೆದವರು. ಗೇಜು ಬದಲಾಯಿಸಲೆಂದು ರೈಲು ನಿಲ್ಲಿಸಿದ್ದ ಆ ವರ್ಷಗಳಲ್ಲಿ ಸುರಂಗದೊಳಗೆ ಟಾರ್ಚ್ ಹಿಡಿದು, ಸೇತುವೆಯ ಮೇಲೆ ಹೆಜ್ಜೆ ನೋಡಿಕೊಂಡು ಹೋಗುವಾಗ ಮುಂದಿನವನು ‘ಇಲ್ಲಿ ಹಲಗೆ ಇಲ್ಲ, ಹುಷಾರು’ ಅನ್ನುತ್ತಿದ್ದುದು, ಹಿಂದಿನವನು ‘ಸರಿ’ ಅನ್ನುವ ತನಕ ಕಾಯುತ್ತಿದ್ದುದು ನೆನಪಿದೆಯೇ? ಆ ಸೇತುವೆಗಳ ಮೇಲೆ ಯಾರೂ ಗಡಿಯಾರ ನೋಡಿರಲಿಲ್ಲ. ಈಗ ಅಲ್ಲಿ ರೈಲು ಓಡುತ್ತಿದೆ, ನಡೆಯುವಂತಿಲ್ಲ. ನಮಗೆ ಉಳಿದಿರುವ ಹಳಿದಾರಿ ಇಲ್ಲಿನ ಈ ಟ್ರೇಲ್.

ಎರಡು ವಾರದ ಹಿಂದೆ ಅದೇ ಇಳಿಜಾರಿನಲ್ಲಿ ಆ ದಂಪತಿ ಮತ್ತೆ ಸಿಕ್ಕರು. ಈ ಸಲ ಮುಂದೆ ತಳ್ಳುಗಾಡಿ, ಒಳಗೆ ಮೊಮ್ಮಗು. ದೂರದಿಂದಲೇ ಬೆಲ್ ಹೊಡೆದು ನಿಧಾನ ಮಾಡಿದೆ. ಆಕೆ ಹಿಂತಿರುಗಿ ನೋಡಲಿಲ್ಲ, ಕದಲಲಿಲ್ಲ. ಬಲಗೈ ಮಾತ್ರ ಮೇಲೆತ್ತಿ ಹಿಡಿದರು, ಆ ಪಾಯಿಂಟ್ಸ್‌ಮನ್ ಬಳೆ ಹಿಡಿದ ಹಾಗೆ. ಅಳಿಯ ಹೇಳಿಕೊಟ್ಟಿದ್ದನೋ ಅವರೇ ಕಂಡುಕೊಂಡರೋ ಕೇಳಲಿಲ್ಲ. ದಾಟುವಾಗ ‘ಮೊಣಕೈ ವಾಸಿಯಾಯ್ತೇನಪ್ಪ?’ ಅಂದರು. ಕರವಸ್ತ್ರ ಒಗೆದು ಇಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ.

ಈ ಶನಿವಾರ ಬೆಳಿಗ್ಗೆ ಆರೂವರೆಗೆ ನಾವು ಸೇರುವ ಜಾಗಕ್ಕೆ ಬರುತ್ತೇನೆ, ಪಂದ್ಯಕ್ಕಲ್ಲ, ಜೊತೆಗೆ. ಬೆಲ್ ಇಲ್ಲದವರಿಗೆ ಅಂತ ಆರು ಹಿತ್ತಾಳೆ ಬೆಲ್ ತಂದಿಟ್ಟುಕೊಂಡಿದ್ದೇನೆ. ಸ್ಪ್ಯಾನರ್ ಕೂಡ ನನ್ನ ಹತ್ತಿರವೇ ಇದೆ.

ಇಂತಿ ನಿಮ್ಮವ,
ಪಟ್ಟಿಯಲ್ಲಿ ಮೂರನೆಯವನಾಗಿದ್ದವನು